ರಾಶಿ ಬೇಡ, ರೇಟು ಬೇಡ: ನಿಮಗೆ ಯಾವ ಕಲ್ಲು ಇಷ್ಟ?

ಮಾಟುಂಗಾ ಮಲ್ಲಿಗೆ · ಭಾನುವಾರ ರಾತ್ರಿ

ಹೊಸ ವಿಷಯ ಎತ್ತುತ್ತಿದ್ದೇನೆ, ಬೈಯಬೇಡಿ. ಸೊಸೈಟಿ ಜಗಳ, ಪಾರ್ಕಿಂಗ್ ಜಗಳ ಎಲ್ಲ ಓದಿ ಸಾಕಾಯಿತು.

ಇವತ್ತು ಅಮ್ಮ ಕಪಾಟಿನಿಂದ ಅಜ್ಜಿಯ ಕೆಂಪಿನ ಬೆಂಡೋಲೆ ತೆಗೆದರು. 1951ರಲ್ಲಿ ಅಜ್ಜಿ ಮದುವೆಯಾಗಿ ಕಾರ್ಕಳದಿಂದ ಮುಂಬಯಿಗೆ ಬಂದಾಗ ಕಿವಿಯಲ್ಲಿದ್ದದ್ದು ಇದೇ. ನಡುವೆ ಒಂದು ಕಲ್ಲು, ಸುತ್ತ ಆರು. ಹಿಂದೆ ಚಿನ್ನದ ತಗಡು ಮುಚ್ಚಿದ ಹಳೇ ಕಟ್ಟು. ಎಡಗಿವಿಯದರಲ್ಲಿ ಒಂದು ಕಲ್ಲು ಸಡಿಲವಾಗಿತ್ತು, ಅಮ್ಮ ಕೈಗೆ ತೆಗೆದುಕೊಂಡ ಕೂಡಲೇ ಉದುರಿತು. ಈಗ ಅದು ದೇವಸ್ಥಾನದ ಕುಂಕುಮದ ಹಾಗೆ ಕಾಗದದ ಪೊಟ್ಟಣದಲ್ಲಿದೆ. ತಿರುಪು ಸವೆದು ನಿಲ್ಲುವುದೇ ಇಲ್ಲ.

ತಮ್ಮನ ಮದುವೆ ಹತ್ತಿರ ಬಂತು, ಸರಿಮಾಡಿಸೋಣ ಎಂದು ಒಂದು ದೊಡ್ಡ ಅಂಗಡಿಗೆ ಹೋದೆವು. ಹುಡುಗ ಓಲೆಯನ್ನು ತಕ್ಕಡಿಗೆ ಹಾಕಿದ, ಕ್ಯಾಲ್ಕುಲೇಟರ್ ಒತ್ತಿದ. ರಿಪೇರಿ ಮಾಡುವುದಿಲ್ಲವಂತೆ. ಬದಲಿಗೆ ಹೊಸದು ತೆಗೆದುಕೊಳ್ಳಿ, ಚಿನ್ನಕ್ಕೆ ಇಷ್ಟು ಕೊಡುತ್ತೇವೆ, ಕಲ್ಲಿನ ತೂಕ ಕಳೆಯುತ್ತೇವೆ ಎಂದ. ಕಲ್ಲಿಗೆ ಎಷ್ಟು ಅಂತ ಅಮ್ಮ ಕೇಳಿದರು. "ಕಲ್ಲಿಗೆ ಏನೂ ಇಲ್ಲ ಮೇಡಂ, ಬೇಕಿದ್ದರೆ ಬಿಚ್ಚಿ ಕೈಗೆ ಕೊಡುತ್ತೇವೆ." ಕಲ್ಲಿನ ಕಡೆ ಒಮ್ಮೆಯೂ ಸರಿಯಾಗಿ ನೋಡಲಿಲ್ಲ ಅವನು. ಅಮ್ಮ ಓಲೆ ಎತ್ತಿಕೊಂಡು ಹೊರಗೆ ಬಂದುಬಿಟ್ಟರು. "ಬರ್ಮಾ ಕೆಂಪು ಅದು, ಬರ್ಮಾ" ಎಂದು ಮನೆ ಮುಟ್ಟುವ ತನಕ ಗೊಣಗುತ್ತಿದ್ದರು.

ಅದಕ್ಕೇ ಕೇಳುತ್ತಿದ್ದೇನೆ. ನಿಮಗೆ ಯಾವ ಕಲ್ಲು ಇಷ್ಟ, ಯಾವ ಒಡವೆ ಇಷ್ಟ? ಎರಡೇ ಷರತ್ತು. ರಾಶಿ, ನಕ್ಷತ್ರ ಬೇಡ. ಮಾರಿದರೆ ಎಷ್ಟು ಬರುತ್ತದೆ ಅನ್ನುವುದೂ ಬೇಡ. ನನ್ನದು ಕೆಂಪು. ಅಂಗಡಿಯ ದೀಪದ ಕೆಂಪಲ್ಲ. ಸಂಜೆ ಕಿಟಕಿ ಹತ್ತಿರ ಕೂತು ಅಜ್ಜಿ ಬಸಳೆ ಬಿಡಿಸುವಾಗ ಕಿವಿಯಲ್ಲಿ ಕಾಣುತ್ತಿತ್ತಲ್ಲ, ಆ ಕೆಂಪು.

ಡೊಂಬಿವಲಿ ಫಾಸ್ಟ್ · ಭಾನುವಾರ ರಾತ್ರಿ

ಅಕ್ಕಾ, ನನ್ನ ಆಭರಣದಂಗಡಿ ಲೋಕಲ್ ರೈಲಿನ ಲೇಡೀಸ್ ಡಬ್ಬ. ನಗಬೇಡಿ. ಸಂಜೆ ಹಿಂತಿರುಗುವಾಗ ಓಲೆ ಮಾರುವವಳು ಹತ್ತುತ್ತಾಳೆ. ಹಲಗೆಯನ್ನು ಮೇಲಿನ ಕಂಬಿಗೆ ನೇತು ಹಾಕುತ್ತಾಳೆ. ಕೂತವರು ಕೇಳಿದರೆ ಓಲೆ ಕೈಯಿಂದ ಕೈಗೆ ದಾಟಿ ಬರುತ್ತದೆ, ದುಡ್ಡು ಅದೇ ದಾರಿಯಲ್ಲಿ ವಾಪಸು ಹೋಗುತ್ತದೆ. ಚಿಲ್ಲರೆ ಒಂದು ರೂಪಾಯಿಯೂ ತಪ್ಪಿದ್ದು ನೋಡಿಲ್ಲ. ನನ್ನ ಹತ್ತಿರ ಹಸಿರು ಗಾಜಿನ ಜುಮುಕಿಯೇ ಐದು ಜೊತೆ ಇವೆ. ಒಂದರ ಹಸಿರು ಇನ್ನೊಂದಕ್ಕಿಲ್ಲ.

ನಿಜವಾದ ಚಿನ್ನ? ಲಾಕರಿನಲ್ಲಿ. ಕರಿಮಣಿ ಸರವನ್ನೂ ರೈಲಿನಲ್ಲಿ ಕುರ್ತಾದ ಒಳಗೆ ಹಾಕಿ ಪಿನ್ನು ಚುಚ್ಚುತ್ತೇನೆ. ಕಾಣದ ಒಡವೆಗೆ ಇಷ್ಟ ಹೇಗೆ ಹುಟ್ಟಬೇಕು ಹೇಳಿ.

ಗೋರೆಗಾಂವ್ ರಾಯರು · ಸೋಮವಾರ ಬೆಳಿಗ್ಗೆ

ಷರತ್ತು ಓದಿದೆ ತಾಯಿ. ಆದರೂ ಒಂದು ಮಾತು. ನವರತ್ನ ಅಂದರೆ ಮಾಣಿಕ್ಯ, ಮುತ್ತು, ಹವಳ, ಪಚ್ಚೆ, ಪುಷ್ಯರಾಗ, ವಜ್ರ, ನೀಲ, ಗೋಮೇಧಿಕ, ವೈಡೂರ್ಯ. ಒಂದೊಂದಕ್ಕೂ ಒಂದೊಂದು ಗ್ರಹ. ಇದನ್ನು ಬಿಟ್ಟು ಕಲ್ಲಿನ ಮಾತಾಡುವುದು ಉಪ್ಪು ಹಾಕದೆ ಸಾರು ಮಾಡಿದ ಹಾಗೆ. ನೀಲವನ್ನಂತೂ ಮೂರು ರಾತ್ರಿ ದಿಂಬಿನಡಿ ಇಟ್ಟು ನೋಡದೆ ಯಾರೂ ಹಾಕಬಾರದು.

ಡೊಂಬಿವಲಿ ಫಾಸ್ಟ್ · ಸೋಮವಾರ ಬೆಳಿಗ್ಗೆ

ರಾಯರೇ, ನಮ್ಮ ಮನೆಯಲ್ಲಿ ದಿಂಬಿನಡಿ ಮೊಬೈಲು, ಕನ್ನಡಕ, ಮಗನ ಪೆನ್ಸಿಲು ಇರುತ್ತವೆ. ಕೆಟ್ಟ ಕನಸು ಬಿದ್ದರೆ ಯಾವುದನ್ನು ದೂರುವುದು?

ಗೋರೆಗಾಂವ್ ರಾಯರು · ಸೋಮವಾರ ಬೆಳಿಗ್ಗೆ

ಆಯಿತು, ಸೋತೆ. ಇಷ್ಟದ ಮಾತೇ ಆಡುತ್ತೇನೆ. ನಮ್ಮ ಮನೆಯವಳ ಕಿವಿಯಲ್ಲಿ ಏಳು ಕಲ್ಲಿನ ವಜ್ರದ ಓಲೆ ಇದೆ. ಅವಳ ತಾಯಿಯದು, ಮೈಸೂರಿನಲ್ಲಿ ಮಾಡಿಸಿದ್ದು. ಅತ್ತೆಯವರು ಅದನ್ನು "ಬ್ಲೂ ಜಾಗರ್" ಎನ್ನುತ್ತಿದ್ದರು. ಮನೆಯೊಳಗೆ ಬೆಳ್ಳಗಿರುತ್ತದೆ. ಬಿಸಿಲಿಗೆ ಬಂದರೆ ನೀಲಿಯ ಒಂದು ಛಾಯೆ ಬರುತ್ತದೆ, ಬಿಳಿ ಬಟ್ಟೆಗೆ ನೀಲಿ ಹಾಕಿದ ಹಾಗೆ. ಮೂವತ್ತೈದು ವರ್ಷ ಆಯಿತು, ಸ್ಕೂಟರಿನ ಕನ್ನಡಿಯಲ್ಲಿ ಅದನ್ನು ನೋಡುತ್ತಾ ಬಂದಿದ್ದೇನೆ. ಈಚೆಗೆ ಒಬ್ಬ ಅಂಗಡಿಯವನು "ಇದರಲ್ಲಿ ಫ್ಲೋರೋಸೆನ್ಸ್ ಇದೆ ಅಂಕಲ್, ಇದು ದೋಷ" ಎಂದ. ಅಂದಿನಿಂದ ಅವಳ ಮುಖ ಸಪ್ಪಗಾಗಿದೆ. ಗೊತ್ತಿದ್ದವರು ಯಾರಾದರೂ ಇದ್ದೀರಾ?

ಲೂಪಿನ ಕಣ್ಣು · ಸೋಮವಾರ ಮಧ್ಯಾಹ್ನ

ಇದ್ದೇನೆ ರಾಯರೇ. ಊರು ಬೆಳಗಾವಿ, ಹೊಟ್ಟೆಪಾಡು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. ದಿನವಿಡೀ ಕಲ್ಲು ನೋಡುವುದೇ ಕೆಲಸ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪು ಕಣ್ಣಿಗೆ ಅಂಟಿಕೊಂಡೇ ಹುಟ್ಟಿದವನು ಎಂದು ಹೆಂಡತಿ ಹಂಗಿಸುತ್ತಾಳೆ.

ಮೊದಲು ನಿಮ್ಮ ಮನೆಯವರಿಗೆ ಹೇಳಿ, ಅದು ದೋಷವಲ್ಲ, ಗುಣ. ಜಾಗರ್ ಅನ್ನುವುದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯ ಹೆಸರಿನಿಂದ ಬಂದದ್ದು. 1971ರಲ್ಲಿ ಆ ಗಣಿ ಮುಚ್ಚಿತು. ಅಲ್ಲಿನ ಕೆಲವು ವಜ್ರಗಳಿಗೆ ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಒಳಗಿಂದ ನೀಲಿ ಬೆಳಕು ಹೊರಡುತ್ತದೆ. ಅದೇ ಫ್ಲೋರೋಸೆನ್ಸ್. ಈಗಿನ ವ್ಯಾಪಾರದಲ್ಲಿ ಅದಿದ್ದರೆ ಬೆಲೆ ಇಳಿಸುತ್ತಾರೆ. ನಮ್ಮ ಅಜ್ಜಿಯಂದಿರು ಅದಕ್ಕೇ ಜಾಸ್ತಿ ಕೊಟ್ಟು ಕೊಳ್ಳುತ್ತಿದ್ದರು. ನೀಲಿ ವಿಪರೀತವಾಗಿ ಕಲ್ಲು ಹಾಲುಹಾಲಾಗಿ ಕಂಡರೆ ಮಾತ್ರ ಯೋಚಿಸಬೇಕು. ಅದು ಅಪರೂಪ. ಆದರೆ ಒಂದು, ಆ ಗಣಿಯದೇ ಕಲ್ಲು ಎಂದು ಓಲೆ ನೋಡಿ ಯಾರೂ ಹೇಳಲಾರರು. ಹೆಸರು ಮಾತ್ರ ನಿಂತಿದೆ. ಮೈಸೂರು ಪಾಕ್ ಮುಂಬಯಿಯಲ್ಲಿ ಮಾಡಿದರೂ ಮೈಸೂರು ಪಾಕೇ ಅಲ್ವಾ, ಹಾಗೆ.

ಮಲ್ಲಿಗೆ ಅಕ್ಕಾ, ನಿಮ್ಮ ಬೆಂಡೋಲೆ ಬಗ್ಗೆ ರಾತ್ರಿ ಬರೆಯುತ್ತೇನೆ. ಆ ಉದುರಿದ ಕಲ್ಲು ಜೋಪಾನ.

ಐರೋಲಿ ಐಟಿ · ಸೋಮವಾರ ಮಧ್ಯಾಹ್ನ

ಬಾಕ್ಸಿಂಗ್ ಶುರುವಾಗುತ್ತದೆ ಎಂದು ಗೊತ್ತಿದ್ದೇ ಹೇಳುತ್ತೇನೆ. ನನ್ನದು ಲ್ಯಾಬಿನಲ್ಲಿ ಬೆಳೆಸಿದ ವಜ್ರ. ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ. ನನ್ನದೇ ಸಂಬಳದಲ್ಲಿ ತೆಗೆದುಕೊಂಡದ್ದು. ಕೀಬೋರ್ಡ್ ಮೇಲೆ ಕೈ ಆಡುವಾಗ ಮಾನಿಟರಿನ ಬೆಳಕು ಅದರಲ್ಲಿ ಚೂರುಚೂರಾಗುತ್ತದೆ. ಮೀಟಿಂಗಿನಲ್ಲಿ ನನಗೆ ಅದೇ ಮನರಂಜನೆ.

ಗೋರೆಗಾಂವ್ ರಾಯರು · ಸೋಮವಾರ ಸಂಜೆ

ಮಗೂ, ಅದು ನಕಲಿ ತಾನೇ?

ಐರೋಲಿ ಐಟಿ · ಸೋಮವಾರ ಸಂಜೆ

ಅಲ್ಲ ಅಂಕಲ್! ನಕಲಿ ಅಂದರೆ ಅಮೆರಿಕನ್ ಡೈಮಂಡ್. ಅದು ಜಿರ್ಕೋನಿಯಾ, ವಜ್ರವೇ ಅಲ್ಲ. ಇದು ಇಂಗಾಲವೇ. ಫ್ರಿಡ್ಜಿನ ಐಸೂ ಐಸೇ, ಹಿಮಾಲಯದ ಐಸೂ ಐಸೇ.

ಲೂಪಿನ ಕಣ್ಣು · ಸೋಮವಾರ ರಾತ್ರಿ

ಐಸಿನ ಹೋಲಿಕೆ ಚೆನ್ನಾಗಿದೆ, ಕದಿಯುತ್ತೇನೆ. ಮೊಯ್ಸನೈಟ್ ಎಂದು ಇನ್ನೊಂದಿದೆ, ಸಿಲಿಕಾನ್ ಕಾರ್ಬೈಡ್. ಅಂಗಡಿಯವರು ಮುಟ್ಟಿಸಿ ಪೀಂ ಎನಿಸುವ ಸಾಮಾನ್ಯ ಪೆನ್ನು ಶಾಖ ಹರಿಯುವುದನ್ನಷ್ಟೇ ಅಳೆಯುತ್ತದೆ. ಮೊಯ್ಸನೈಟಿಗೂ ಅದು ಪೀಂ ಎನ್ನುತ್ತದೆ. ಪೆನ್ನು ಕೂಗಿತು ಎಂದು ವಜ್ರ ಎಂದು ನಂಬಬೇಡಿ. ಲೂಪಿನಲ್ಲಿ ಓರೆಯಾಗಿ ನೋಡಿದರೆ ಮೊಯ್ಸನೈಟಿನ ಹಿಂಬದಿಯ ಗೆರೆಗಳು ಎರಡೆರಡಾಗಿ ಕಾಣುತ್ತವೆ.

ಇನ್ನೊಂದು. ಕಲ್ಲನ್ನು ಅಂಗಡಿಯ ಹಳದಿ ದೀಪದಡಿ ನೋಡಿ ಮನಸ್ಸು ಕೊಡಬೇಡಿ. ಆ ದೀಪದಡಿ ಸೋಡಾ ಬಾಟಲಿಯ ಚೂರೂ ಹೊಳೆಯುತ್ತದೆ. ಮೊದಲು ವಜ್ರದ ಪೇಟೆ ಇದ್ದ ಒಪೇರಾ ಹೌಸ್ ಬಡಾವಣೆಯ ಹಳೇ ವ್ಯಾಪಾರಿಗಳು ಬಡಗಣ ಕಿಟಕಿಯ ಬೆಳಕಿಗೆ ಬಿಳಿ ಕಾಗದದ ಮಡಿಕೆ ಹಿಡಿದು ನೋಡುತ್ತಿದ್ದರು. 2010ರಲ್ಲಿ ಭಾರತ್ ಡೈಮಂಡ್ ಬೋರ್ಸ್ ಎಂಬ ವಜ್ರದ ವಿನಿಮಯ ಕೇಂದ್ರ ಬಾಂದ್ರಾಕ್ಕೆ ಬಂದ ಮೇಲೆ ವ್ಯಾಪಾರ ಹೆಚ್ಚುಕಡಿಮೆ ಎಲ್ಲ ಇಲ್ಲಿಗೆ ಬಂತು. ಕಿಟಕಿಯ ಅಭ್ಯಾಸ ಮಾತ್ರ ಮುದುಕರಿಗೆ ಹೋಗಿಲ್ಲ.

ಈಗ ಅಕ್ಕನ ಕೆಂಪು. ಮಾಣಿಕ್ಯ ಮತ್ತು ನೀಲ ಒಂದೇ ಜಾತಿ, ಎರಡೂ ಕುರುಂದ ಎಂಬ ಖನಿಜ. ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಮಜಾ ನೋಡಿ, ಪಚ್ಚೆಯ ಹಸಿರಿಗೂ ಸಾಮಾನ್ಯವಾಗಿ ಕಾರಣ ಇದೇ ಕ್ರೋಮಿಯಂ. ಬೇರೆ ಮನೆಗೆ ಹೋದ ಸೊಸೆಯ ಹಾಗೆ ಬೇರೆ ಬಣ್ಣ ತೋರಿಸುತ್ತದೆ. ನಿಮ್ಮ ಕಲ್ಲು ಗಾಜೋ, ಮಾಣಿಕ್ಯವೋ, ಮತ್ತೊಂದೋ ನೋಡದೆ ಹೇಳಲಾರೆ. ಬಿಡುವಾದಾಗ ತನ್ನಿ, ಮೈಕ್ರೋಸ್ಕೋಪಿನಡಿ ಇಡೋಣ. ದುಡ್ಡು ಬೇಡ, ನೀರುದೋಸೆ ಸಾಕು.

ಕೋಥ್ರೂಡ್ ಧಾರವಾಡ · ಸೋಮವಾರ ರಾತ್ರಿ

ಪುಣೆಯಿಂದ ನಾನು. ನಮ್ಮ ಕಡೆ ಕಲ್ಲಿಗಿಂತ ಚಿನ್ನದ ಗುಂಡೇ ಜಾಸ್ತಿ ನೋಡ್ರಿ. ಬೋರಮಾಳ, ಪುತಳಿ ಸರ, ಅವಲಕ್ಕಿ ಸರ. ಇಲ್ಲಿಗೆ ಬಂದು ಲಕ್ಷ್ಮೀ ರೋಡಿನಲ್ಲಿ ಅಡ್ಡಾಡಿದಾಗ ಥುಶಿ, ಚಿಂಚಪೇಟಿ, ಕೊಲ್ಹಾಪುರಿ ಸಾಜ್ ನೋಡಿ ಅರ್ಧ ನಮ್ಮವೇ ಅನಿಸಿತು. ಬುಗುಡಿ ಅವರಲ್ಲೂ ಇದೆ, ನಮ್ಮಲ್ಲೂ ಇದೆ.

ಆದರೆ ನನ್ನ ಪ್ರೀತಿಯ ಕಲ್ಲು ಯಾರೂ ಹಾಕಿಕೊಳ್ಳಲಾಗದ್ದು. ಹೆಸರು ಕ್ಯಾವನ್ಸೈಟ್. ಪುಣೆಯ ಪೂರ್ವಕ್ಕೆ ನಗರ ರಸ್ತೆಯಲ್ಲಿ ವಾಘೋಲಿ ಇದೆಯಲ್ಲ, ಅಲ್ಲಿನ ಜಲ್ಲಿ ಕ್ವಾರಿಗಳಲ್ಲಿ ಸಿಕ್ಕ ಕಲ್ಲು. ಜಗತ್ತಿನ ಚಂದದ ಕ್ಯಾವನ್ಸೈಟ್ ಎಂದರೆ ವಾಘೋಲಿಯದೇ. ಹೊರದೇಶದ ಸಂಗ್ರಹಾಲಯದವರೂ ಬಂದು ಒಯ್ದಿದ್ದಾರೆ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್ ಮೂರರ ಮೊದಲಕ್ಷರ ಸೇರಿಸಿ ಇಟ್ಟ ಹೆಸರು.

ಲಾವಾ ಹರಿದು ತಣ್ಣಗಾದಾಗ ಒಳಗೆ ಗಾಳಿಯ ಗುಳ್ಳೆಗಳು ಉಳಿದವು, ಬನ್ನಿನಲ್ಲಿ ತೂತು ಉಳಿದ ಹಾಗೆ. ಸುಮಾರು 6.6 ಕೋಟಿ ವರ್ಷದ ಹಿಂದಿನ ಮಾತು. ಆಮೇಲೆ ಬಿಸಿನೀರು ಬಸಿದು ಆ ತೂತುಗಳಲ್ಲಿ ಹರಳು ಕಟ್ಟಿತು. ಸ್ಟಿಲ್ಬೈಟ್ ಎಂಬ ಬೆಳ್ಳನೆ ಹರಳಿನ ಹಾಸಿಗೆ, ಅದರ ಮೇಲೆ ನವಿಲು ನೀಲಿಯ ಪುಟ್ಟ ಚೆಂಡು. ಕಡಲೆಕಾಳಿನಷ್ಟು. ಹತ್ತಿರ ಹಿಡಿದರೆ ಚೆಂಡಲ್ಲ, ನೂರಾರು ಸೂಜಿಗಳ ಕಟ್ಟು, ಕದಂಬದ ಹೂವಿನ ಹಾಗೆ.

ಪದಕ ಮಾಡಿಸೋಣ ಎಂದು ಒಬ್ಬ ಅಕ್ಕಸಾಲಿಗರ ಹತ್ತಿರ ಒಯ್ದೆ. ಅವರು ಉಗುರಿನಿಂದ ಮೆಲ್ಲಗೆ ಮುಟ್ಟಿದರು. ಎರಡು ಸೂಜಿ ಮುರಿದು ಮೇಜಿನ ಮೇಲೆ ಬಿದ್ದವು. "ತಾಯಿ, ಇದನ್ನು ಗಾಜಿನೊಳಗೆ ಇಟ್ಟು ಕೈಮುಗಿಯಿರಿ" ಎಂದರು. ಗಡಸುತನದ ಅಳತೆಯಲ್ಲಿ ವಜ್ರ 10, ಮಾಣಿಕ್ಯ 9. ಇದು 3 ಅಥವಾ 4. ಈಗ ಶೋಕೇಸಿನಲ್ಲಿ ಗಣಪತಿಯ ಪಕ್ಕ ಕೂತಿದೆ. ಈ ಹುಚ್ಚು ಹಿಡಿದವರು ನಾಸಿಕದ ಹತ್ತಿರ ಸಿನ್ನರಿನ ಗಾರ್ಗೋಟಿ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ. ಶಿರಡಿ ದಾರಿಯಲ್ಲೇ ಸಿಗುತ್ತದೆ.

ಥಾಣೆ ಅತ್ತಿಗೆ · ಮಂಗಳವಾರ ಬೆಳಿಗ್ಗೆ

ಎಲ್ಲರ ಪ್ರೀತಿ ಓದಿದೆ. ನನ್ನ ಪಾಪ ಕೇಳಿ.

ನನಗೆ ಪಚ್ಚೆ. ಇಪ್ಪತ್ತೈದನೇ ವರ್ಷದ ವಿವಾಹ ದಿನಕ್ಕೆ ಇವರು ಕೊಡಿಸಿದ ಉಂಗುರ. ಒಳಗೆ ಪಾಚಿಯಂಥ ಎಳೆಗಳಿದ್ದವು. ಅದೇ ನನಗೆ ಇಷ್ಟ, ಕೊಡಗಿನ ಕಾಡು ಕಂಡ ಹಾಗೆ. ದೀಪಾವಳಿಗೆ ಮಗ ಆನ್‌ಲೈನಿನಲ್ಲಿ ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಡಬ್ಬಿ ತರಿಸಿದ್ದ. ಎಲ್ಲ ಒಡವೆ ಫಳಫಳ ಆಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಬಳೆ ಹಾಕಿದೆ, ಚೆನ್ನಾಗಿ ಬಂತು. ಆಸೆಯಾಗಿ ಪಚ್ಚೆಯನ್ನೂ ಬಿಸಿನೀರಿನಲ್ಲಿ ಹಾಕಿ ಗುಂಡಿ ಒತ್ತಿದೆ. ಐದು ನಿಮಿಷ. ತೆಗೆದಾಗ ಕಲ್ಲು ಬೂದಿ ಬಳಿದ ಹಾಗೆ ಮಂಕಾಗಿತ್ತು. ಅಡ್ಡಲಾಗಿ ಮೂರು ಬಿರುಕು. ನಾನು ಒಡೆದೇ ಹಾಕಿದೆ ಎಂದು ಅಡಿಗೆಮನೆಯಲ್ಲಿ ಕೂತು ಅತ್ತೆ.

ಲೂಪಿನ ಕಣ್ಣು · ಮಂಗಳವಾರ ಬೆಳಿಗ್ಗೆ

ಅತ್ತಿಗೆ, ಅಳಬೇಡಿ. ಬಿರುಕು ಬಹುಶಃ ಮೊದಲೇ ಇದ್ದದ್ದು. ಪಚ್ಚೆಯಲ್ಲಿ ಸಣ್ಣ ಸೀಳು ಇಲ್ಲದ್ದು ಸಿಗುವುದೇ ಕಷ್ಟ, ಅದಕ್ಕೇ ವ್ಯಾಪಾರಿಗಳು ಸೀಡರ್ ಎಣ್ಣೆ ಕುಡಿಸುತ್ತಾರೆ. ಇದು ಮುಚ್ಚುಮರೆಯ ವಿಷಯವಲ್ಲ, ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ. ನಿಮ್ಮ ಯಂತ್ರ ನಡುಗಿಸಿ, ಬಿಸಿ ಮಾಡಿ ಆ ಎಣ್ಣೆಯನ್ನು ಹೊರಗೆ ತೆಗೆದಿದೆ. ಸೀಳು ಬಯಲಾಯಿತು. ಮತ್ತೆ ಎಣ್ಣೆ ಹಾಕಿಸಬಹುದು. ಪೂರ್ತಿ ಮೊದಲಿನ ಹಾಗೆ ಆಗದಿದ್ದರೂ ಕಾಡು ವಾಪಸು ಬರುತ್ತದೆ.

ಮುತ್ತು, ಹವಳ, ಓಪಲ್ ಕೂಡ ಆ ಯಂತ್ರಕ್ಕೆ ಹಾಕಬೇಡಿ. ಹಿಂದೆ ಮುಚ್ಚಿದ ಹಳೇ ಕಟ್ಟಿನ ಒಡವೆಯನ್ನಂತೂ ಮುಳುಗಿಸಲೇಬೇಡಿ. ಕಲ್ಲಿನ ಬೆನ್ನಿಗೆ ಹೊಳಪಿನ ತೆಳು ಹಾಳೆ ಇಟ್ಟಿರುತ್ತಾರೆ. ನೀರು ಸೇರಿತೋ, ಹಾಳೆ ಕಪ್ಪಾಗಿ ಕಲ್ಲು ಸತ್ತ ಹಾಗೆ ಕಾಣುತ್ತದೆ. ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು.

ವಾಸ್ಕೋ ವಾಸಿ · ಮಂಗಳವಾರ ಮಧ್ಯಾಹ್ನ

ಗೋವಾದಿಂದ ಒಂದು ಓಟು ಹವಳಕ್ಕೆ. ನಮ್ಮದು ಗದಗ ಕಡೆ. ಅವ್ವನ ತಾಳಿಯಲ್ಲಿ ಕರಿಮಣಿ, ನಡುನಡುವೆ ಹವಳ. ಮೂವತ್ತು ವರ್ಷ ಮೈಗೆ ತಾಗಿ ತಾಗಿ ಹವಳದ ಮಿಂಚು ಹೋಗಿ ಈಗ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ಬೆವರು, ಸೆಂಟು, ಹುಳಿ ಯಾವುದೂ ಅದಕ್ಕೆ ಆಗದಂತೆ. ಸುಣ್ಣದ ಜಾತಿ ತಾನೇ. ಹೊಸದು ಹಾಕಿಸೋಣ ಎಂದರೆ ಅವ್ವ ಒಪ್ಪುವುದಿಲ್ಲ.

ಇನ್ನೊಂದು ಮೋಹ ಬೆಳ್ಳಿ. ಹಳೇ ಗೋವಾದ ಬಾಂ ಜೀಸಸ್ ಬೆಸಿಲಿಕಾದಲ್ಲಿ ಸಂತ ಕ್ಸೇವಿಯರರ ಬೆಳ್ಳಿ ಪೆಟ್ಟಿಗೆ ಇದೆ. 17ನೇ ಶತಮಾನದಲ್ಲಿ ಇಲ್ಲಿನ ಅಕ್ಕಸಾಲಿಗರೇ ಮಾಡಿದ್ದು. ಎಲ್ಲರೂ ಕೈಮುಗಿದು ಮುಂದೆ ಹೋಗುತ್ತಾರೆ, ನಾನು ಕುಸುರಿ ನೋಡುತ್ತಾ ನಿಂತು ಬೈಸಿಕೊಂಡಿದ್ದೇನೆ.

ಕಲಂಗುಟ್ ಬೀಚಿನಲ್ಲಿ ಸರ, ಕಡಗ ಮಾರುವ ಲಂಬಾಣಿ ಅಕ್ಕಂದಿರು ಬಹಳ ಜನ ನಮ್ಮ ಕಡೆಯವರು. ವಿದೇಶಿಯರ ಹತ್ತಿರ ಇಂಗ್ಲಿಷು, ರಷ್ಯನ್ನು. ನಾನು "ಯಾವೂರು ಅಕ್ಕಾ?" ಎಂದರೆ ಸಾಕು, ರೇಟು ಅರ್ಧಕ್ಕಿಳಿಯುತ್ತದೆ. ಮಾರುವುದೆಲ್ಲ ಬಿಳಿ ಲೋಹ, ಅವರೇ ಹೇಳುತ್ತಾರೆ. ಆದರೆ ಒಮ್ಮೆ ವಯಸ್ಸಾದ ಒಬ್ಬಾಕೆಯ ಕೂದಲಲ್ಲಿ ಕಪೋಲದ ತನಕ ಇಳಿಬಿಟ್ಟ ನಿಜವಾದ ಬೆಳ್ಳಿಯ ಗೊಂಚಲು ಇತ್ತು. ಅದು ಕೊಡುತ್ತೀರಾ ಎಂದೆ. "ಇದು ಮಾರೂದಲ್ಲ ತಮ್ಮಾ, ಹಾಕೋದು" ಎಂದಳು.

ಮಾಟುಂಗಾ ಮಲ್ಲಿಗೆ · ಮಂಗಳವಾರ ರಾತ್ರಿ

ಬ್ರೇಕಿಂಗ್ ನ್ಯೂಸ್! ತಮ್ಮನ ಹತ್ತಿರ ನೋಟು ಪರೀಕ್ಷಿಸುವ ನೇರಳೆ ಟಾರ್ಚು ಇದೆ. ಲೈಟು ಆರಿಸಿ ಕಲ್ಲಿನ ಮೇಲೆ ಬಿಟ್ಟೆವು. ಕೆಂಡದ ಹಾಗೆ ಕೆಂಪಗೆ ಉರಿಯಿತು! ಬರ್ಮಾ ಮಾಣಿಕ್ಯ ಹೀಗೇ ಹೊಳೆಯುತ್ತದೆ ಎಂದು ತಮ್ಮ ಎಲ್ಲೋ ಓದಿ ಹೇಳಿದ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆ ಅಂಗಡಿಗೆ ಹೋಗಿ ಹುಡುಗನಿಗೆ ತೋರಿಸಿಯೇ ಬರಬೇಕಂತೆ.

ಲೂಪಿನ ಕಣ್ಣು · ಮಂಗಳವಾರ ರಾತ್ರಿ

ಅಕ್ಕಾ, ತುಪ್ಪ ಸ್ವಲ್ಪ ಉಳಿಸಿ. ಬರ್ಮಾದ್ದು ಹೊಳೆಯುತ್ತದೆ, ನಿಜ. ಅದರಲ್ಲಿ ಕಬ್ಬಿಣ ಕಡಿಮೆ. ಆದರೆ ಕಾರ್ಖಾನೆಯ ಮಾಣಿಕ್ಯ ಅದಕ್ಕಿಂತಲೂ ಜೋರಾಗಿ ಹೊಳೆಯುತ್ತದೆ, ಅದರಲ್ಲಿ ಕಬ್ಬಿಣವೇ ಇರುವುದಿಲ್ಲ. ಟಾರ್ಚು ಒಂದು ಮಾತ್ರ ಹೇಳಿತು, ಅದು ಸುಮ್ನೆ ಗಾಜಲ್ಲ. ಶನಿವಾರ ಬನ್ನಿ.

ಕೋಥ್ರೂಡ್ ಧಾರವಾಡ · ಬುಧವಾರ ಬೆಳಿಗ್ಗೆ

ಕಾರ್ಖಾನೆಯದಾದರೂ ಅಡ್ಡಿಯಿಲ್ಲ, ಸೀಸದ ಗಾಜು ತುಂಬಿದ್ದಾಗದಿದ್ದರೆ ಸಾಕು. ನನ್ನ ತಂಗಿ ಒಂದು ಕಡೆ "ನೈಸರ್ಗಿಕ ಮಾಣಿಕ್ಯ" ಎಂದು ಉಂಗುರ ತೆಗೆದುಕೊಂಡಳು. ಬಿಲ್ಲಿನಲ್ಲೂ ಹಾಗೇ ಇತ್ತು. ಉಂಗುರ ದೊಡ್ಡದು ಮಾಡಲು ಆಚಾರಿ ಬೆಂಕಿ ಹಿಡಿದಾಗ ಕಲ್ಲಿನ ಮೈಯೆಲ್ಲ ಗುಳ್ಳೆ ಎದ್ದಿತು. ಕೇಳಲು ಹೋದರೆ ಅಂಗಡಿಯವರು ಕಲ್ಲು ನೈಸರ್ಗಿಕವೇ, ತುಂಬಿದ್ದು ಬೇರೆ ವಿಷಯ ಎಂದರು. ಸೀಳಿನ ತುಂಬ ಗಾಜು, ಹೆಸರು ಮಾತ್ರ ಮಾಣಿಕ್ಯ. ಹಾಲ್‌ಮಾರ್ಕ್ ಇದೆಯಲ್ಲ ಮೇಡಂ ಎಂದು ಬೇರೆ ಹೇಳಿದರು.

ಲೂಪಿನ ಕಣ್ಣು · ಬುಧವಾರ ಬೆಳಿಗ್ಗೆ

ಇದು ಎಲ್ಲರೂ ಕಿವಿಗೆ ಹಾಕಿಕೊಳ್ಳಬೇಕಾದ ಮಾತು. ಹಾಲ್‌ಮಾರ್ಕ್ ಚಿನ್ನದ ಬಗ್ಗೆ ಮಾತ್ರ. ಭಾರತೀಯ ಮಾನಕ ಬ್ಯೂರೊ ಅಂದರೆ ಬಿಐಎಸ್‌ನ ಗುರುತು, 22ಕೆ916 ಅನ್ನುವ ಶುದ್ಧತೆ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ. 2023ರ ಏಪ್ರಿಲ್ 1ರಿಂದ ಆ ಆರರ ಗುರುತಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ ನೋಡಬಹುದು. ಆದರೆ ಕಲ್ಲಿನ ಬಗ್ಗೆ ಅದು ಒಂದಕ್ಷರ ಹೇಳುವುದಿಲ್ಲ. ಕಲ್ಲಿಗೆ ಬೇರೆ ಲ್ಯಾಬಿನ ಚೀಟಿ ಬೇಕು. ಅದರಲ್ಲಿ "ಟ್ರೀಟ್‌ಮೆಂಟ್" ಎಂಬ ಸಾಲು ಓದಿ. ಬಿಸಿ ಮಾಡಿದ್ದು ಸಾಮಾನ್ಯ, ಒಪ್ಪಬಹುದು. ಗಾಜು ತುಂಬಿದ್ದು ಅಂದರೆ ನಿಂಬೆರಸ ತಾಗಿದರೂ ಕೆಡುವ ಸಾಮಾನು. ನಮ್ಮ ಅಡಿಗೆಮನೆಯಲ್ಲಿ ಅದು ಎಷ್ಟು ದಿನ ಬಾಳಬೇಕು.

ಮೌನಿ ಮುಲುಂಡ್ · ಬುಧವಾರ ರಾತ್ರಿ

ಒಂದು ವರ್ಷದಿಂದ ಓದುತ್ತಿದ್ದೇನೆ, ಇದೇ ಮೊದಲ ಬರಹ. ಒಡವೆ ಎಂದರೆ ನನಗೆ ಆಗದು. ಅಕ್ಕನ ಮದುವೆಗೆ ಅಪ್ಪ ಸಾಲ ಮಾಡಿದ್ದು ತೊಲದ ಲೆಕ್ಕದಲ್ಲಿ. ರಾತ್ರಿ ಅಪ್ಪ ಅಮ್ಮ ಪಿಸುಗುಟ್ಟುವಾಗ "ಇನ್ನೂ ಎರಡು ತೊಲ" ಅನ್ನುವುದು ಕೇಳುತ್ತಿತ್ತು. ಈಗಲೂ ಝವೇರಿ ಬಜಾರಿನಲ್ಲಿ ನನಗೆ ಇಷ್ಟವಾಗುವವರು ಬೆಳಿಗ್ಗೆ ಬೇಗ ಬಂದು ಗಲ್ಲಿಯ ದೂಳು ಗುಡಿಸುವವರು. ಕಾರ್ಖಾನೆಗಳ ಕಸ, ಗಟಾರದ ಕೆಸರು ತುಂಬಿಕೊಂಡು ಹೋಗಿ, ತೊಳೆದು, ಸುಟ್ಟು, ಅದರಿಂದ ಚಿನ್ನ ತೆಗೆಯುತ್ತಾರೆ. ಆ ಚಿನ್ನದ ಬಗ್ಗೆ ನನಗೆ ತಕರಾರಿಲ್ಲ.

ಥಾಣೆ ಅತ್ತಿಗೆ · ಬುಧವಾರ ರಾತ್ರಿ

ನಿಮ್ಮ ಮಾತು ಓದಿ ಸುಮ್ಮನಾದೆ ತಮ್ಮಾ. ನನ್ನ ಮದುವೆಗೂ ಅಪ್ಪ ತೋಟದ ಒಂದು ತುಂಡು ಮಾರಿದ್ದರು. ಬರೆಯುತ್ತಾ ಇರಿ.

ಮಾಟುಂಗಾ ಮಲ್ಲಿಗೆ · ಶನಿವಾರ ರಾತ್ರಿ

ಹೋಗಿ ಬಂದೆವು. ಅಮ್ಮನಿಗೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಡಲು ಹತ್ತು ನಿಮಿಷ ಬೇಕಾಯಿತು. ಮೊದಲು ತಮ್ಮದೇ ರೆಪ್ಪೆ ಕಂಡಿತು. ಆಮೇಲೆ ಕಲ್ಲಿನೊಳಗೆ ಗೆರೆಗಳು ಕಂಡವು. ನೇರ ಅಲ್ಲ, ಬಾಗಿದ ಗೆರೆ, ಒಂದರ ಪಕ್ಕ ಒಂದು. ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ. ಜೊತೆಗೆ ಒಂದೆರಡು ಸಣ್ಣ ಗುಳ್ಳೆ. ನೆಲದಲ್ಲಿ ಹುಟ್ಟಿದ ಮಾಣಿಕ್ಯದ ಗೆರೆ ನೇರವಾಗಿ, ಮೂಲೆ ಮೂಲೆಯಾಗಿ ಇರುತ್ತದಂತೆ.

ಲೂಪಿನವರು ಮೆತ್ತಗೆ ಹೇಳಿದರು. ಇದು ಕಾರ್ಖಾನೆಯ ಮಾಣಿಕ್ಯ. ವೆರ್ನ್ಯುಯಿ ಎಂಬ ಫ್ರೆಂಚ್ ವಿಜ್ಞಾನಿ 1902ರಲ್ಲಿ ಈ ವಿಧಾನ ಪ್ರಕಟಿಸಿದರಂತೆ. ಅಲ್ಯೂಮಿನಾ ಪುಡಿಗೆ ಚೂರು ಕ್ರೋಮಿಯಂ ಸೇರಿಸಿ 2000 ಡಿಗ್ರಿ ದಾಟಿದ ಉರಿಯೊಳಗೆ ಉದುರಿಸುತ್ತಾರೆ. ಕರಗಿದ ಹನಿ ಒಂದರ ಮೇಲೊಂದು ಬಿದ್ದು ಕಡ್ಡಿಯಂಥ ಕಲ್ಲು ಬೆಳೆಯುತ್ತದೆ. ಆ ಪದರವೇ ಬಾಗಿದ ಗೆರೆ. ಅಜ್ಜಿಯ ಮದುವೆ ಹೊತ್ತಿಗೆ ಇವು ಬಂದು ಬಹಳ ಕಾಲವಾಗಿತ್ತು. ಹಳೇ ಕೆಂಪಿನ ಓಲೆಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವಂತೆ. ಕೂಡಿಸಿದವನಿಗೂ ಗೊತ್ತಿರಲಿಕ್ಕಿಲ್ಲ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಆ ಹುಡುಗನಿಗೆ ನೋಡದೆಯೇ ಇದು ಗೊತ್ತಿತ್ತಾ?" ಇಲ್ಲ ಅಮ್ಮ, ಅವನಿಗೆ ಏನೂ ಗೊತ್ತಿರಲಿಲ್ಲ ಎಂದೆ. "ಹಾಗಾದರೆ ಸರಿ" ಎಂದರು. ಯಾವುದು ಸರಿಯಾಯಿತೋ ನನಗೆ ಇನ್ನೂ ತಿಳಿದಿಲ್ಲ.

ಅಲ್ಲಿಂದ ನೇರ ಝವೇರಿ ಬಜಾರ್. ಮೂರನೇ ಮಾಳಿಗೆ, ಏಣಿಯಂಥ ಮೆಟ್ಟಿಲು. ಬಂಗಾಳಿ ಕಾರೀಗರ ನೆಲದ ಮೇಲೆ ಕೂತಿದ್ದ, ಮುಂದೆ ಚಿಕ್ಕ ಮಣೆ, ಚಿನ್ನದ ಪುಡಿ ಬೀಳದ ಹಾಗೆ ತೊಡೆಯ ಮೇಲೆ ಬಟ್ಟೆ. ಕಲ್ಲಿನ ಗೂಡನ್ನು ಸೂಜಿಯಿಂದ ಕೆರೆದ. ಕಪ್ಪಾದ ಹಳೇ ಹಾಳೆ ಬಂತು, ಬೇಳೆಯ ಸಿಪ್ಪೆಯಷ್ಟು. ಹೊಸ ಹಾಳೆ ಇಟ್ಟು, ಕಲ್ಲು ಕೂರಿಸಿ, ಅಂಚನ್ನು ಒತ್ತುತ್ತಾ ಸುತ್ತ ಬಂದ. ತಿರುಪು ಎರಡೂ ಹೊಸದು.

ಒಂದೇ ಎಡವಟ್ಟು. ಹೊಸ ಹಾಳೆ ಇಟ್ಟ ಕಲ್ಲು ಧಗಧಗ ಅನ್ನುತ್ತಿದೆ, ಉಳಿದವು ಮಂಕು. "ಇದೊಂದು ಮದುಮಗಳ ಹಾಗೆ, ಉಳಿದವು ಅತ್ತೆಯಂದಿರ ಹಾಗೆ ಕಾಣುತ್ತವೆ" ಎಂದರು ಅಮ್ಮ. ಎಲ್ಲದಕ್ಕೂ ಹೊಸ ಹಾಳೆ ಹಾಕಲೇ ಎಂದ ಕಾರೀಗರ. ಬೇಡ ಎಂದು ಅಲ್ಲೇ ಕಿವಿಗೆ ಹಾಕಿಕೊಂಡರು.

ಐರೋಲಿ ಐಟಿ · ಶನಿವಾರ ರಾತ್ರಿ

ಅಂದರೆ ನಿಮ್ಮ ಅಜ್ಜಿ 1951ರಲ್ಲೇ ಲ್ಯಾಬ್ ಗ್ರೋನ್ ಹಾಕಿದ್ದರು! ರಾಯರು ಅಂಕಲ್, ಕೇಳಿಸಿತಾ?

ಗೋರೆಗಾಂವ್ ರಾಯರು · ಶನಿವಾರ ರಾತ್ರಿ

ಕೇಳಿಸಿತು ಮಗೂ, ಸಾಕು ಮಾಡು. ಮಲ್ಲಿಗೆ ತಾಯಿ, ಓಲೆಯ ಫೋಟೊ ಹಾಕಿ.

ಮಾಟುಂಗಾ ಮಲ್ಲಿಗೆ · ಶನಿವಾರ ರಾತ್ರಿ

ಹಾಕೋಣ ಎಂದರೆ ಅಮ್ಮ ಕಿವಿಯಿಂದ ತೆಗೆಯುತ್ತಿಲ್ಲ. ಈಗ ಫೋನಿನಲ್ಲಿ ಕಾರ್ಕಳದ ಚಿಕ್ಕಮ್ಮನಿಗೆ ಹೇಳುತ್ತಿದ್ದಾರೆ, "ಬರ್ಮಾದ್ದು ರಿಪೇರಿ ಆಯಿತು ಮಾರಾಯ್ತಿ" ಅಂತ.

ಗೋರೆಗಾಂವ್ ರಾಯರು · ಶನಿವಾರ ರಾತ್ರಿ

ಆ ಕಾರೀಗರ ಯಾವ ಗಲ್ಲಿ? ನಮ್ಮವಳ ಓಲೆಯ ತಿರುಪೂ ಸಡಿಲವಾಗಿದೆ.

ಮಾಟುಂಗಾ ಮಲ್ಲಿಗೆ · ಶನಿವಾರ ರಾತ್ರಿ

ಮುಂಬಾದೇವಿ ಗುಡಿಯ ಹತ್ತಿರ. ಬಾಯಲ್ಲಿ ಹೇಳಿದರೆ ಸಿಗುವುದಿಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ. ಭಾನುವಾರ ಬೇಡ, ಮುಚ್ಚಿರುತ್ತದೆ. ಮೊಣಕಾಲು ನೋವಿದ್ದರೆ ಮೊದಲೇ ಹೇಳಿ, ಮೂರು ಮಾಳಿಗೆ.